ಮಡಕೆಯ ಕೊರಳಿನ ಮೂರು ಬೊಟ್ಟು

ಎರಡು ಸಾವಿರದ ಇಸವಿ ಕಳೆದ ಹೊಸದರಲ್ಲಿ ಪುರಾತತ್ವ ಕಚೇರಿಯಲ್ಲಿ ನಮಗಿದ್ದ ಕೆಲಸವೆಂದರೆ, ಹಳೆಯ ಉತ್ಖನನಗಳ ಸ್ಲೈಡುಗಳನ್ನು ಸ್ಕ್ಯಾನ್ ಮಾಡಿ, ಉಗ್ರಾಣದಲ್ಲಿದ್ದ ವಸ್ತುಗಳ ಫೋಟೊ ತೆಗೆದು, ಯಾರು ಬೇಕಾದರೂ ನೋಡುವಂತೆ ಕಂಪ್ಯೂಟರಿಗೆ ಏರಿಸುವುದು. ಫೋಟೊ ನನ್ನದು, ಕೆಳಗಿನ ವಿವರಣೆ ನನ್ನ ಸಹೋದ್ಯೋಗಿಯದು. ಸಾಲಿಗ್ರಾಮದ ಹತ್ತಿರ ಅಗೆದಾಗ ಸಿಕ್ಕಿದ್ದ ಮಡಕೆಯೊಂದರ ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿದ ಆಕೆ ಕುರ್ಚಿ ಬಿಟ್ಟು ಎದ್ದೇಬಿಟ್ಟಳು. ಮಡಕೆಯ ಕೊರಳಿನ ಮೇಲೆ ಮೂರು ಕೆಂಪು ಬೊಟ್ಟು.

"ಬಣ್ಣ ಹಚ್ಚಿದ ಮಡಕೆ ಕಣ್ರೀ! ಈ ಕಡೆ ಯಾರಿಗೂ ಸಿಕ್ಕಿಲ್ಲ. ಇದರ ಮೇಲೇ ನನ್ನ ಮೊದಲನೇ ಪ್ರಬಂಧ."

ನನಗೆ ಕಸಿವಿಸಿಯಾಯಿತು. ಆ ಉತ್ಖನನಕ್ಕೆ ನಾನು ವಿದ್ಯಾರ್ಥಿಯಾಗಿ ಹೋಗಿದ್ದೆ. ಹೊಲದ ಯಜಮಾನರ ಹೆಂಡತಿ, ಹಸಿರು ಸೀರೆಯಾಕೆ, ಮಡಕೆಗೆ ಕುಂಕುಮ ಇಟ್ಟಂತೆ ನೆನಪು. ಆದರೆ ನನ್ನ ನೆನಪನ್ನು ನಾನೇ ನಂಬುವವನಲ್ಲ. ಅದು ಪಿರಿಯಾಪಟ್ಟಣದ ಕಡೆ ಕಂಡದ್ದಿರಬಹುದು. ಯಾರೋ ಹೇಳಿದ್ದನ್ನು ನಾನೇ ಕಂಡಂತೆ ಮಾಡಿಕೊಂಡಿರಲೂಬಹುದು. ಸ್ಲೈಡುಗಳನ್ನು ತಿರುವಿ ಹಾಕಿದೆ. ಮಡಕೆ ನೆಲದಲ್ಲಿದ್ದಾಗಿನ ಚಿತ್ರದಲ್ಲಿ ಕೊರಳೇ ಮಣ್ಣಿನೊಳಗಿತ್ತು. ಕೊನೆಗೆ ಸಹೋದ್ಯೋಗಿಗೆ ಕುಂಕುಮದ ವಿಷಯ ಹೇಳಿಬಿಟ್ಟೆ.

"ನಿಮ್ಮ ನೆನಪು! ಮೊನ್ನೆ ನಿಮ್ಮ ಛತ್ರಿ ಅಂತ ನನ್ನದನ್ನ ಎತ್ಕೊಂಡು ಹೋಗಿದ್ರಿ," ಎಂದಳು. ಆದರೂ ಮಾರನೆಯ ದಿನ ಸಾಲಿಗ್ರಾಮದ ಬಸ್ಸಿಗೆ ನನ್ನನ್ನು ಹೊರಡಿಸಿದವಳು ಆಕೆಯೇ.

ಯಜಮಾನರು ಹೊಲದಲ್ಲಿ ಹುರುಳಿ ಕೀಳುತ್ತಿದ್ದರು. ಕೈ ಒರೆಸಿಕೊಂಡು ಫೋಟೊ ನೋಡಿದರು.

"ನಾನೇ ಕುಂಕ್ಮ ಇಟ್ಟಿದ್ದು ಕಣ್ರೀ. ಮಣ್ಣಿಂದ ಎದ್ದು ಬಂದುದ್ನ ಬರೀ ಅಣೇಲಿ ಕಳ್ಸಕ್ಕಾಯ್ತದಾ?"

"ನಿಮ್ಮ ಮನೆಯವರು ಅಲ್ವಾ ಇಟ್ಟಿದ್ದು?" ಎಂದೆ.

"ಅವ್ಳು ಆಗ ಎರಿಗೆಗೆ ತೌರ್ಗೋಗಿದ್ಲು. ನೀವು ಯಾರ್ನ ನೋಡಿದ್ರೋ ಕಾಣೆ, ಬುಡಿ ಸ್ವಾಮಿ!"

ಸಹೋದ್ಯೋಗಿ ಇನ್ನೂ ಬಿಟ್ಟುಕೊಡಲಿಲ್ಲ. "ಅಷ್ಟೊಂದು ಮಡಕೆ ಸಿಕ್ಕಿದ್ವು. ಇದೊಂದಕ್ಕೇ ಯಾಕೆ ಇಟ್ರಿ?"

"ಮಿಕ್ಕವೆಲ್ಲಾ ಒಡ್ದೋಗಿದ್ವಲ್ಲವ್ವ. ಒಡ್ದಿದ್ಕೆ ಯಾರಾರಾ ಪೂಜೆ ಮಾಡ್ತಾರಾ?"

ಆಕೆಯ ಮುಖ ಸಪ್ಪಗಾಯಿತು. ಬದುವಿನ ಮೇಲೆ ಕುಳಿತು ತನ್ನಷ್ಟಕ್ಕೆ ತಾನೇ ನಗತೊಡಗಿದಳು. ನಾನೂ ನಕ್ಕೆ. ಕುಂಕುಮ ಸರಿ, ಇಟ್ಟವರು ತಪ್ಪು. ನನ್ನಂಥವನಿಗೆ ಅರ್ಧ ಅಂಕವೇ ಹಬ್ಬ.

ಬೊಟ್ಟುಗಳನ್ನು ಚಿತ್ರದಿಂದ ಅಳಿಸಿಬಿಡಿ, ನೋಡುವವರು ತಪ್ಪು ತಿಳಿಯುತ್ತಾರೆ ಎಂದರು ಕಚೇರಿಯ ಹಿರಿಯರು.

"ತಪ್ಪು ತಿಳ್ಕೊಂಡೋಳು ನಾನೇ ಸಾರ್. ಇರಲಿ ಅವು," ಎಂದು ಆಕೆ ಚಿತ್ರದ ಕೆಳಗೆ ಬರೆದಳು: ಕೆಂಪು ಗುರುತು ಪುರಾತನವಲ್ಲ. ಮಡಕೆ ಇಡಿಯಾಗಿ ಸಿಕ್ಕಿದ್ದಕ್ಕೆ ಹೊಲದವರು ಇಟ್ಟ ಕುಂಕುಮ.

ಪ್ರಬಂಧದ ಬದಲು ಆಕೆಯ ಹೆಸರಿನಲ್ಲಿ ಮೊದಲು ಹೊರಬಂದದ್ದು ಆ ಎರಡು ಸಾಲು.