ಒಂಬತ್ತು ಚಳಿಗಾಲ ಕೆರೆದ ಕಾವು

ನಮ್ಮೂರು ಪಿಟ್‌ಕಾರ್ನಿಯಲ್ಲಿ ಈಗ ಗಾಲ್ಫ್ ದಾಂಡು ಬೇಕೆಂದರೆ ಅಂಗಡಿಗೆ ಹೋಗಿ, ಗೋಡೆಗೆ ಒರಗಿಸಿಟ್ಟ, ಉಕ್ಕಿನ ಕಾವು ಅಂದರೆ ಉದ್ದನೆಯ ಹಿಡಿಕೋಲು ಇರುವವುಗಳಲ್ಲಿ ಒಂದನ್ನು ಎತ್ತಿಕೊಂಡು ಬಂದರಾಯಿತು. ಮೆತ್ತನೆಯದು, ನಡುವಿನದು, ಗಟ್ಟಿಯದು ಎಂದು ಮೂರು ಬಗೆ. ಮನುಷ್ಯರೂ ಮೂರೇ ಬಗೆ ಎಂದು ಆ ಕಾರ್ಖಾನೆಯವರಿಗೆ ಯಾವ ಪುಣ್ಯಾತ್ಮ ಹೇಳಿದನೋ ಕಾಣೆ. ದಾಂಡು ಮಾಡುವ ಆರ್ಚಿ ಇಮ್ರಿಯ ಕಾಲದಲ್ಲಿ ನಮ್ಮೂರಲ್ಲಿ ಆಡುವವರು ಇನ್ನೂರು ಜನರಿದ್ದರೆ ಕಾವುಗಳೂ ಇನ್ನೂರು ಬಗೆಯವು ಇದ್ದವು.

ಗಾಲ್ಫ್ ಬಯಲಿನ ಮೊದಲ ಹೊಡೆತದ ಕಟ್ಟೆಯ ಪಕ್ಕದಲ್ಲೇ, ಸಮುದ್ರದ ಗಾಳಿಗೆ ಬೆನ್ನು ಕೊಟ್ಟುಕೊಂಡು ಅವನ ಅಂಗಡಿ ಇತ್ತು. ಅರಗು, ಅಗಸೆ ಎಣ್ಣೆ, ಒಲೆಯ ಮೇಲೆ ಕುದಿಯುವ ಅಂಟು. ಆ ವಾಸನೆ ಇವತ್ತು ಎಲ್ಲಾದರೂ ಮೂಗಿಗೆ ಬಿದ್ದರೆ ನಮ್ಮೂರ ಹಳಬರು ಆ ಅಂಗಡಿ ಎಲ್ಲಿ ಎಂದು ತಿರುಗಿ ನೋಡುತ್ತಾರೆ. ಅಟ್ಟದ ಮೇಲೆ ಅಮೆರಿಕದಿಂದ ಬಂದ ಹಿಕರಿ ಮರದ ಸೀಳುಗಳು ವರ್ಷಗಟ್ಟಲೆ ಒಣಗುತ್ತಿದ್ದವು. ದಾಂಡು ಬೇಕೆಂದು ಬಂದವನನ್ನು ಆರ್ಚಿ ಕೂಡಲೇ ಮಾತಾಡಿಸುತ್ತಿರಲಿಲ್ಲ. ಬಾಗಿಲನ್ನು ಹೇಗೆ ತಳ್ಳಿದ, ಕೋಟನ್ನು ಹೇಗೆ ಕಳಚಿದ ಎಂದು ಓರೆಗಣ್ಣಿನಲ್ಲೇ ನೋಡಿಕೊಂಡು, ಆಮೇಲೆ ಹೊರಗೆ ಕರೆದೊಯ್ದು ನಾಲ್ಕು ಸಲ ಬೀಸಲು ಹೇಳುತ್ತಿದ್ದ. ಜೋರಾಗಿ ಬೀಸುವವನಿಗೆ ಬಾಗದ ಕಾವು, ನಿಧಾನಸ್ಥನಿಗೆ ಬಾಗಿ ಚಿಮ್ಮುವ ಕಾವು. ಇಷ್ಟು ಯಾರಿಗಾದರೂ ಗೊತ್ತು. ಆದರೆ ಎಷ್ಟು ಬಾಗಬೇಕು ಎಂಬುದು ಆರ್ಚಿಯ ಅಂಗೈಗೆ ಮಾತ್ರ ಗೊತ್ತಿತ್ತು. ಕಾವಿನ ತುದಿಯನ್ನು ನೆಲಕ್ಕೂರಿ, ಕಣ್ಣು ಮುಚ್ಚಿ ಒತ್ತಿ ನೋಡುವನು. ಒಡೆದ ಕಿಟಕಿ ಗಾಜಿನ ಚೂರಿನಿಂದ ಕೂದಲೆಳೆಯಷ್ಟು ಕೆರೆಯುವನು. ಮತ್ತೆ ಒತ್ತಿ ನೋಡುವನು.

ಒಮ್ಮೆ ಬ್ರೆಡ್ಡಿನ ಅಂಗಡಿಯ ಡೂಗಲ್ ಬಂದು, "ನಂಗೂ ಪಾದ್ರಿಗಳ ಹತ್ರ ಇದೆಯಲ್ಲ, ಅಂಥಾ ಗಟ್ಟಿ ಕಾವೇ ಹಾಕ್ಕೊಡು ಆರ್ಚಿ" ಎಂದ.

"ಪಾದ್ರಿಗಳು ಹತ್ತೇ ನಿಮಿಷಕ್ಕೆ ಪ್ರಸಂಗ ಮುಗಿಸಿ ಮನೆಗೆ ಓಡೋರು ಕಣಪ್ಪ. ನೀನು ಒಂದು ಬನ್ನು ಕಾಗದದಲ್ಲಿ ಸುತ್ತೋಷ್ಟರಲ್ಲಿ ಅದು ತಂಗಳಾಗಿರುತ್ತೆ. ಕೊಟ್ಟಿದ್ದು ತಗೊಂಡು ಹೋಗು."

ಡೂಗಲ್ ಕೊಟ್ಟದ್ದನ್ನು ತೆಗೆದುಕೊಂಡು ಹೋದ. ಇಪ್ಪತ್ತು ವರ್ಷ ಅದರಲ್ಲೇ ಆಡಿದ.

ಇಂಥ ಆರ್ಚಿಗೆ ಜೀವದ ಗೆಳೆಯನೆಂದರೆ ಕಮ್ಮಾರ ವಾಟಿ ಲಮ್ಸ್‌ಡನ್. ಶನಿವಾರ ಮಧ್ಯಾಹ್ನ ಇಬ್ಬರೂ ಎದುರುಬದುರಾಗಿ ಆಡಲೇಬೇಕು, ಸೋತವನು ಗೆದ್ದವನಿಗೆ ಬಿಸಿ ಮಾಂಸದ ಕಡುಬು ತಿನ್ನಿಸಲೇಬೇಕು. ವಾಟಿಯ ಬೀಸು ಎಂದರೆ ಊರಿಗೇ ಹೆಸರುವಾಸಿ. ಅವನ ದೊಡ್ಡ ದಾಂಡಿನ ಕಾವನ್ನು ಬಗ್ಗಿಸಲು ಬೇರೆ ಯಾರಿಂದಲೂ ಆಗುತ್ತಿರಲಿಲ್ಲ. ಆರ್ಚಿ ತನ್ನ ಇಪ್ಪತ್ತೇಳನೆಯ ವಯಸ್ಸಿನಲ್ಲಿ ಮಾಡಿಕೊಟ್ಟದ್ದು ಅದು. ವಾಟಿಗೆ ಅದರ ಬಗ್ಗೆ ಹೆಂಡತಿಯ ಬಗ್ಗೆ ಇದ್ದದ್ದಕ್ಕಿಂತ ಹೆಚ್ಚು ಹೆಮ್ಮೆ ಎಂದು ಅವನ ಹೆಂಡತಿಯೇ ಹೇಳುತ್ತಿದ್ದಳು.

ವಾಟಿಯ ಅಪ್ಪನ ಕಥೆ ಊರಿಗೆಲ್ಲ ಗೊತ್ತಿತ್ತು. ಒಂದು ದಿನ ಚೆಂಡನ್ನು ಹಳ್ಳ ದಾಟಿಸಲು ಆಗಲಿಲ್ಲವೆಂದು ಅವನು ಮನೆಗೆ ಬಂದು ದಾಂಡುಗಳನ್ನೆಲ್ಲ ಒಲೆಗೆ ಹಾಕಿದ್ದ. ಆಮೇಲೆ ಕುರ್ಚಿ ಬಿಟ್ಟೇಳದೆ ಎರಡು ವರ್ಷಕ್ಕೆ ಹೋಗಿಬಿಟ್ಟ. ವಾಟಿಯೂ ಅದೇ ಮಾತು ಆಡುತ್ತಿದ್ದ. "ನನ್ನ ಬೀಸು ಹೋದ ದಿನ ನಾನೂ ಒಲೆಗೆ ಹಾಕ್ತೀನಿ ಕಣೋ. ಮುದುಕನ ಆಟ ನನಗೆ ಬೇಡ."

ಹಾಗಿರುವಾಗ ಸಾವಿರದ ಒಂಬೈನೂರ ಇಪ್ಪತ್ತೊಂದರ ಶರತ್ಕಾಲದಲ್ಲಿ ಆರ್ಚಿ ಗಮನಿಸಿದ: ವಾಟಿಯ ಬೀಸು ತಗ್ಗಿದೆ. ಮೇಲೆತ್ತಿದ ದಾಂಡು ಕೆಳಗಿಳಿಯುವಾಗ ಹಿಂದಿನ ಬಿರುಸು ಇಲ್ಲ. ಗಟ್ಟಿ ಕಾವು ಬಾಗದೆ ಚೆಂಡು ಬಲಕ್ಕೆ ಹೋಗಿ ಹುಲ್ಲಿನಲ್ಲಿ ಬೀಳುತ್ತಿದೆ. ವಾಟಿಗೆ ಆಗ ಐವತ್ತೆರಡು. ಗಾಳಿಯನ್ನೋ ಚೆಂಡನ್ನೋ ಅವನು ಬೈದುಕೊಳ್ಳುತ್ತಿದ್ದ. ಮುಂದೇನೆಂದು ಆರ್ಚಿಗೆ ಗೊತ್ತಿತ್ತು. ಗೆಳೆಯನಿಗೆ ಇದು ತಿಳಿದ ದಿನ ಆ ದಾಂಡು ಒಲೆಗೆ ಹೋಗುತ್ತದೆ, ಅದರ ಹಿಂದೆ ಶನಿವಾರಗಳೂ ಹೋಗುತ್ತವೆ, ಕೊನೆಗೆ ವಾಟಿಯೂ.

ಪ್ರತಿ ಚಳಿಗಾಲ ನಮ್ಮೂರಿನವರು ದಾಂಡುಗಳನ್ನು ಎಣ್ಣೆ ಕುಡಿಸಲು ಆರ್ಚಿಯ ಬಳಿ ಬಿಡುವ ರೂಢಿ. ವಾಟಿಯದೂ ಬಂತು. ಆರ್ಚಿ ಅಂಗಡಿಯ ಬಾಗಿಲು ಹಾಕಿಕೊಂಡು ಗಾಜಿನ ಚೂರು ಕೈಗೆತ್ತಿಕೊಂಡ. ಕಾವು ನಿಧಾನದ ಬೀಸಿಗೂ ಬಾಗಲೆಂದು, ದಾಂಡಿನ ತಲೆಯ ಕಡೆಗೆ ಒಂದು ಗೇಣಿನಷ್ಟು ಜಾಗದಲ್ಲಿ ಕೆರೆದ. ಮೇಲೆ ಬಣ್ಣ ಹಚ್ಚಿ, ಎಣ್ಣೆ ಉಜ್ಜಿ ಹಳೆಯದರಂತೆಯೇ ಮಾಡಿದ. ತೂಕ ಕಡಿಮೆಯಾದದ್ದು ಕೈಗೆ ತಿಳಿಯದಿರಲೆಂದು ಹಿಡಿಯ ಚರ್ಮದ ಕೆಳಗೆ ಇನ್ನೊಂದು ಸುತ್ತು ಬಟ್ಟೆ ಸುತ್ತಿದ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಹಾಗಿತ್ತು ಆ ಕೆಲಸ. ಹೆಂಡತಿ ಎಫಿಗೆ ಮಾತ್ರ ಹೇಳಿದ.

"ಅವನಿಗೆ ಗೊತ್ತಾದ್ರೆ ಜನ್ಮದಲ್ಲಿ ನಿನ್ನ ಮುಖ ನೋಡಲ್ಲ ಆರ್ಚಿ" ಎಂದಳು ಎಫಿ.

"ಗೊತ್ತಾಗೋ ಹಾಗೆ ಕೆರೆಯೋನು ನಾನಲ್ಲ."

ವಸಂತದಲ್ಲಿ ವಾಟಿ ಮೊದಲ ಶನಿವಾರವೇ ಎರಡು ಚೆಂಡನ್ನು ಎಡಕ್ಕೆ ರೈಲು ಹಳಿಯಾಚೆ ಕಳಿಸಿದ. ಮೂರನೆಯ ವಾರದ ಹೊತ್ತಿಗೆ ಸರಿಹೋದ. ಬೀಸು ಇನ್ನಷ್ಟು ನಿಧಾನ, ಆದರೆ ಚೆಂಡು ನೇರ. ಆರ್ಚಿಗೆ ಹಾಲು ಕುಡಿದಷ್ಟು ಸಂತೋಷ. ಮುಂದಿನ ಚಳಿಗಾಲ ಬೀಸು ನೋಡಿಕೊಂಡು ಮತ್ತಷ್ಟು ಕೆರೆದ. ಅದರ ಮುಂದಿನ ಚಳಿಗಾಲವೂ ಕೆರೆದ. ಹೀಗೆ ಒಂಬತ್ತು. ಒಂದು ಕಾಲದಲ್ಲಿ ಊರಿನ ಪದಕ ಗೆಲ್ಲುತ್ತಿದ್ದ ವಾಟಿ ಈಗ ಅಂಚೆಯವನಿಗೂ ಸೋಲುತ್ತಿದ್ದ. ಆದರೂ ಆಡುತ್ತಿದ್ದ, ಕಡುಬು ತಿನ್ನುತ್ತಿದ್ದ, ನಗುತ್ತಿದ್ದ. ಆರ್ಚಿಗೆ ಅಷ್ಟು ಸಾಕಾಗಿತ್ತು. ಆ ಶನಿವಾರಗಳು ಅದೆಷ್ಟು ಚೆನ್ನಾಗಿದ್ದವು ಎಂದು ಎಫಿ ತೀರಾ ಮುದುಕಿಯಾದ ಮೇಲೂ ಹೇಳಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದಳು. ಈ ಕಥೆ ನಮಗೆ ದಕ್ಕಿದ್ದೂ ಅವಳ ಬಾಯಿಂದಲೇ.

ಮೂವತ್ತನೆಯ ಇಸವಿಯ ಮೇ ತಿಂಗಳಲ್ಲಿ, ಉಕ್ಕಿನ ಕಾವಿಗೆ ಆಟದ ನಿಯಮ ಮಾಡುವ ದೊಡ್ಡವರ ಒಪ್ಪಿಗೆ ಸಿಕ್ಕಿ ಆರು ತಿಂಗಳಾಗಿತ್ತೋ ಏನೋ, ಯಾವುದೋ ಕಂಪನಿಯವನು ಆರ್ಚಿಯ ಅಂಗಡಿಯಲ್ಲಿ ಒಂದು ಉಕ್ಕಿನ ದಾಂಡು ಬಿಟ್ಟುಹೋದ. ಆರ್ಚಿ ಅದನ್ನು ಮೂಲೆಗೆ ತಳ್ಳಿದ್ದ. ಶನಿವಾರ ಬಂದ ವಾಟಿಯ ಕಣ್ಣು ಅದರ ಮೇಲೆ ಬಿತ್ತು.

"ಏನೋ ಇದು, ಚರಂಡಿ ಕೊಳವೆ?"

"ಮುಟ್ಟಬೇಡ. ಅದು ಬಾಗೋದೇ ಇಲ್ಲ, ನಿನ್ನ ಸೊಂಟ ಹಿಡ್ಕೊಳ್ಳುತ್ತೆ" ಎಂದ ಆರ್ಚಿ. ಮಾತಿನಲ್ಲಿ ತಮಾಷೆ ಇತ್ತು, ಒಳಗೆ ಹೆದರಿಕೆ. ಅಷ್ಟು ಗಟ್ಟಿ ಕಾವಿನಲ್ಲಿ ಈ ಬೀಸಿಗೆ ಚೆಂಡು ನೂರು ಗಜವೂ ಹೋಗುವುದಿಲ್ಲ. ಒಂಬತ್ತು ವರ್ಷದಿಂದ ಬಚ್ಚಿಟ್ಟದ್ದು ಒಂದು ಹೊಡೆತಕ್ಕೆ ಬಯಲಾಗುತ್ತದೆ. ಆದರೆ ವಾಟಿ ಆಗಲೇ ಅದನ್ನು ಹೆಗಲಿಗೇರಿಸಿಕೊಂಡು ಹೊರಗೆ ನಡೆದಿದ್ದ.

ಅವನು ಚೆಂಡಿನ ಮುಂದೆ ನಿಂತ. ದಾಂಡನ್ನು ಒಮ್ಮೆ ಅಲುಗಿಸಿ ನೋಡಿದ. ಆಮೇಲೆ ಬೀಸಿದ. ಅದು ನಿಧಾನದ ಬೀಸಾಗಿರಲಿಲ್ಲ. ಮೂವತ್ತು ವರ್ಷದ ಹಿಂದೆ ಊರೇ ನಿಂತು ನೋಡುತ್ತಿದ್ದ ಬೀಸು ಅದು. ಚೆಂಡು ಹಳ್ಳವನ್ನು ದಾಟಿ, ಅದರಾಚೆಯ ದಿಬ್ಬವನ್ನೂ ದಾಟಿ ನೇರವಾಗಿ ಹೋಗಿ ಬಿತ್ತು. ಅರವತ್ತೊಂದು ವರ್ಷದ ಕಮ್ಮಾರ ಅದನ್ನೇ ನೋಡುತ್ತ ನಿಂತ, ಬಾಯಿ ತೆರೆದ ಆರ್ಚಿ ಅವನನ್ನು ನೋಡುತ್ತ ನಿಂತ.

ಆಮೇಲೆ ವಾಟಿ ತಲೆ ತಗ್ಗಿಸಿಕೊಂಡು ಮಾತಾಡಿದ. "ಬೇಜಾರು ಮಾಡ್ಕೋಬೇಡ ಕಣೋ. ಇದನ್ನ ನಿನಗೆ ಹೇಳಬಾರದು ಅಂತಾನೇ ಇದ್ದೆ."

"ಏನನ್ನ?"

"ನಿನ್ನ ಕೈ ಸೋತಿದೆ ಆರ್ಚಿ. ಎಂಟೊಂಬತ್ತು ವರ್ಷ ಆಯ್ತು. ಎಣ್ಣೆ ಕುಡಿಸೋಕೆ ಅಂತ ಕೊಟ್ಟ ಕಾವು ಪ್ರತಿ ವರ್ಷ ಇನ್ನಷ್ಟು ಬೆತ್ತದ ಥರ ಆಗಿ ಬರುತ್ತೆ. ನೀನು ಉಜ್ಜುವಾಗ ಜಾಸ್ತಿ ಉಜ್ಜಿಬಿಡ್ತೀಯ, ನಿನಗೇ ಗೊತ್ತಾಗಲ್ಲ. ಹೇಗೆ ಹೇಳಲಿ ಹೇಳು. ಅದಕ್ಕೆ ನಾನೇ ಬೀಸು ನಿಧಾನ ಮಾಡ್ಕೊಂಡೆ. ಜೋರಾಗಿ ಬೀಸಿ ಚೆಂಡು ರೈಲು ಹಳಿಗೆ ಹೋದ್ರೆ ಜನ ನಿನ್ನ ಕೆಲಸಾನ ಆಡ್ಕೋತಾರೆ ಅಂತ."

ಆರ್ಚಿ ವರ್ಷಗಳನ್ನು ಎಣಿಸಿದ. "ಮೊದಲನೇ ವರ್ಷಾನೂ ನಿಧಾನ ಇದ್ದೆಯಲ್ಲೋ. ಇಪ್ಪತ್ತೊಂದರಲ್ಲಿ. ನಾನು ಕಾವು ಮುಟ್ಟೋಕೆ ಮೊದಲೇ."

ವಾಟಿ ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದ. "ಗಾಡಿ ಕುದುರೆ ಪಕ್ಕೆಗೆ ಒದ್ದಿತ್ತು ಮಾರಾಯ. ಎರಡು ಎಲುಬು. ಲಾಳ ಕಟ್ಟೋ ಕಮ್ಮಾರ ಕುದುರೆ ಹತ್ರ ಒದೆಸಿಕೊಂಡ ಅಂದ್ರೆ ಊರಲ್ಲಿ ತಲೆ ಎತ್ಕೊಂಡು ತಿರುಗೋಕಾಗುತ್ತಾ? ಯಾರಿಗೂ ಹೇಳಲಿಲ್ಲ. ಕ್ರಿಸ್‌ಮಸ್ಸಿಗೆಲ್ಲ ವಾಸಿಯಾಗಿತ್ತು."

ಅಂದರೆ ಮುದಿತನ ಬಂದೇ ಇರಲಿಲ್ಲ. ಇವನು ಕೆರೆದನೆಂದು ಅವನು ತಗ್ಗಿದ, ಅವನು ತಗ್ಗಿದನೆಂದು ಇವನು ಕೆರೆದ. ಒಳ್ಳೆಯ ಒಂಬತ್ತು ವರ್ಷಗಳು, ಐದಾರು ಪದಕಗಳು, ಎಲ್ಲ ಗಾಜಿನ ಚೂರಿನ ಕೆಳಗೆ ಪುಡಿಯಾಗಿ ಹೋಗಿದ್ದವು. ಆರ್ಚಿಗೆ ಅಳು ಬಂತು. ನಿಜ ಹೇಳಿಬಿಡಲು ಬಾಯಿ ತೆರೆದ. ಕೈ ಸೋತಿಲ್ಲ, ಬೇಕೆಂದೇ ಕೆರೆದೆ, ಅಳತೆ ತಪ್ಪದೆ ಕೆರೆದೆ ಎಂದರೆ ತನ್ನ ಕಸುಬಿನ ಮಾನ ಉಳಿಯುತ್ತಿತ್ತು. ಆದರೆ ಅದರ ಜೊತೆಗೆ, ಐವತ್ತೆರಡಕ್ಕೇ ನಿನ್ನನ್ನು ಮುದುಕನೆಂದು ತೀರ್ಮಾನಿಸಿದ್ದೆ ಎಂದೂ ಹೇಳಬೇಕಾಗುತ್ತಿತ್ತು. ವಾಟಿ ಅವನ ಮುಖವನ್ನೇ ನೋಡುತ್ತಿದ್ದ, ನೋಯಿಸಿದೆನೇನೋ ಎಂಬ ಹೆದರಿಕೆಯಲ್ಲಿ.

"ಹೌದು ಕಣೋ" ಎಂದ ಆರ್ಚಿ. "ಕೈ ಸೋತಿದೆ."

ವಾಟಿ ಅವನ ಹೆಗಲ ಮೇಲೆ ಕೈಯಿಟ್ಟ. "ಉಕ್ಕು ನನಗೆ ಬೇಡ. ವಾರವೆಲ್ಲ ಕಬ್ಬಿಣ ಹಿಡಿಯೋನು ಶನಿವಾರನೂ ಅದನ್ನೇ ಹಿಡೀಲಾ? ಹಿಕರಿದೇ ಹೊಸ ಕಾವು ಹಾಕ್ಕೊಡು. ನಾನು ಪಕ್ಕದಲ್ಲೇ ನಿಂತ್ಕೊಂಡು ಎಷ್ಟು ಕೆರೀಬೇಕು ಅಂತ ಹೇಳ್ತೀನಿ, ಹೆದರಬೇಡ."

ಸೋಮವಾರ ಬೆಳಿಗ್ಗೆ ವಾಟಿ ಕುಲುಮೆಗೆ ಬೀಗ ಹಾಕಿ ಬಂದು ಬೆಂಚಿನ ಪಕ್ಕ ನಿಂತ. ನಾಲ್ಕು ಸಾವಿರ ಕಾವು ಮಾಡಿದ್ದ ಆರ್ಚಿ ಒಂದೊಂದು ಸಲ ಕೆರೆದಾಗಲೂ ತಲೆಯೆತ್ತಿ ಅವನನ್ನು ಕೇಳುತ್ತಿದ್ದ. ವಾಟಿ ಕಾವನ್ನು ನೆಲಕ್ಕೂರಿ, ಹುಬ್ಬು ಗಂಟಿಕ್ಕಿ, ಒತ್ತಿ ನೋಡುತ್ತಿದ್ದ.

"ಇನ್ನೊಂಚೂರು... ಹಾಂ, ಸಾಕು."

"ಸಾಕಾ?"

"ಸಾಕು. ನೋಡಿದ್ಯಾ, ಹೀಗೆ ಇರಬೇಕು."

ಇನ್ನೆರಡು ಸಲ ಕೆರೆಯಬೇಕಿತ್ತು. ಆರ್ಚಿಯ ಅಂಗೈಗೆ ಅದು ಸ್ಪಷ್ಟವಾಗಿ ತಿಳಿದಿತ್ತು. ಆರ್ಚಿ ಗಾಜಿನ ಚೂರನ್ನು ಕೆಳಗಿಟ್ಟು ಅಗಸೆ ಎಣ್ಣೆಯ ಬಟ್ಟೆಯನ್ನು ಎತ್ತಿಕೊಂಡ.