ಶಿರಸ್ತೇದಾರರ ಒಪ್ಪಿಗೆ

ಶಿರಸ್ತೇದಾರರ ಬಲಗಿವಿ ಪೂರಾ ಮಂದ. ಅದರಲ್ಲೊಂದು ಕೆಂಪು ಹರಳಿನ ಒಂಟಿ ಹೊಳೆಯುತ್ತಿತ್ತು. ಕೇಳದ ಕಿವಿಗೇ ಶೃಂಗಾರ ಎಂದು ನಾವು ಎಳೆಯ ವಕೀಲರು ಬೆನ್ನ ಹಿಂದೆ ನಗುತ್ತಿದ್ದೆವು. ಕೇಳುವುದು ಎಡಗಿವಿಯೊಂದೇ ಆದ್ದರಿಂದ, ಯಾವ ವ್ಯಾಜ್ಯಕ್ಕೆ ಕೂತರೂ ಎರಡೂ ಕಡೆಯವರು ಅವರ ಎಡಕ್ಕೇ, ಒಂದೇ ಜಮಖಾನೆಯ ಮೇಲೆ, ಮೊಣಕೈ ತಾಗಿಸಿಕೊಂಡು ಕೂರಬೇಕಿತ್ತು. ಬೆಳಿಗ್ಗೆ ಹಲ್ಲು ಕಡಿಯುತ್ತ ಬಂದವರು ಮಧ್ಯಾಹ್ನದ ಹೊತ್ತಿಗೆ ಒಬ್ಬರ ಎಲೆಯಡಿಕೆ ಚೀಲಕ್ಕೆ ಇನ್ನೊಬ್ಬರು ಕೈ ಹಾಕುತ್ತಿದ್ದರು.

ಬಳ್ಳಾರಿ ಇನ್ನೂ ಮದರಾಸಿಗೆ ಸೇರಿದ್ದ ಕಾಲ. ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದ ಮೇಲೆ ಅವರು ಕುರುಗೋಡಿನ ತಮ್ಮ ಹಿರಿಯರ ಮನೆಯಲ್ಲಿದ್ದರು. ಎರಡೂ ಕಡೆಯವರು ಒಪ್ಪಿದರೆ ಮುನ್ಸೀಫರು ಹೊಲ, ನೀರು, ಮನೆಪಾಲಿನ ವ್ಯಾಜ್ಯಗಳನ್ನು ಮಧ್ಯಸ್ಥರಿಗೆ ಒಪ್ಪಿಸುತ್ತಿದ್ದರು. ಒಬ್ಬರೇ ಕೂತು ತೀರ್ಪು ಬರೆಯಬಲ್ಲವರ ಹೆಸರುಗಳ ಪಟ್ಟಿಯೊಂದು ಕೋರ್ಟಿನ ಕಚೇರಿಯಲ್ಲಿತ್ತು. ಅದನ್ನು ಸೇರಲು ಪರೀಕ್ಷೆಯಿಲ್ಲ, ಸರ್ಟಿಫಿಕೇಟಿಲ್ಲ. ಶಿರಸ್ತೇದಾರರು ‘ಹೂಂ’ ಅನ್ನಬೇಕು, ಅಷ್ಟೆ. ಆ ಒಂದು ‘ಹೂಂ’ಗಾಗಿ ನಾನು ಎರಡು ವರ್ಷ ಅವರ ಪಕ್ಕದಲ್ಲಿ ಕೂತೆ. ವಾದ ಮಾಡುವ ಬಾಯಿ ನನ್ನದಲ್ಲ, ಕಕ್ಷಿಗಾರರು ನನ್ನ ಬಾಗಿಲಿಗೆ ಬರುತ್ತಿರಲಿಲ್ಲ. ಇದೂ ಆಗದಿದ್ದರೆ ಕರಿಕೋಟು ಮಡಿಚಿಟ್ಟು ಮಾವನ ಹತ್ತಿ ಗಿರಣಿ ಸೇರಬೇಕೆಂದು ಮನೆಯಲ್ಲಿ ತೀರ್ಮಾನವಾಗಿಹೋಗಿತ್ತು.

ದೇಶನೂರಿನ ದಾಯಾದಿಗಳಿಬ್ಬರ ಕಾಲುವೆ ನೀರಿನ ಜಗಳ ಬಂದಾಗ ಅವರು, “ಈ ಸಲ ನೀ ನಡಸು ತಮ್ಮಾ, ನಾ ಸುಮ್ನ ಕೂಡ್ತೀನಿ” ಎಂದರು. ನನಗೆ ಸ್ವರ್ಗ ಮೂರೇ ಗೇಣು. ಸಿರುಗುಪ್ಪದಲ್ಲಿ ಬಸ್ಸಿಳಿದರೆ ಆ ದಾಯಾದಿಗಳಲ್ಲೊಬ್ಬ ಬಂಡಿ ಹೂಡಿಕೊಂಡು ಬಂದಿದ್ದ. ಬಿಸಿಲು ಜೋರಾಗಿತ್ತು, ಹತ್ತಿ ಕೂತೆ. ದಾರಿಯುದ್ದಕ್ಕೂ ಅವನ ಮಗಳ ಮದುವೆಯ ಮಾತು ಬಿಟ್ಟರೆ ಬೇರೇನೂ ಆಡಲಿಲ್ಲ.

ಗದ್ದೆಯ ಬದುವಿನ ಬೇವಿನ ನೆರಳಲ್ಲಿ ಶಿರಸ್ತೇದಾರರು ಮೊದಲೇ ಬಂದು ಕೂತಿದ್ದರು. ನಾನು ಬಂಡಿಯಿಂದ ಇಳಿಯುವುದನ್ನು ನೋಡಿದರು, ನನ್ನ ಹಿಂದಕ್ಕೂ ನೋಡಿದರು. “ಇವತ್ತು ಏನೂ ಕೇಳಾಂಗಿಲ್ಲ, ಎಲ್ಲಾರೂ ಮನಿಗೆ ಹೋಗ್ರಿ” ಅಂದುಬಿಟ್ಟರು. ಇನ್ನೊಬ್ಬ ದಾಯಾದಿ ಅದೇ ಬಸ್ಸಿನಲ್ಲಿ ಬಂದು ನಮ್ಮ ಬಂಡಿಯ ಹಿಂದೆಯೇ ನಡೆದು ಬಂದಿದ್ದನ್ನು ನಾನು ಗಮನಿಸಿಯೇ ಇರಲಿಲ್ಲ.

“ನಾ ವ್ಯಾಜ್ಯದ ಮಾತು ಎತ್ತಿಲ್ಲರೀ, ಆಣಿ ಮಾಡ್ತೀನಿ” ಎಂದೆ.

“ಎತ್ತಿಲ್ಲ ಅಂತ ನನಗ ಗೊತ್ತೈತಿ. ಹಿಂದ ಧೂಳು ಕುಡಕೊಂತ ನಡದು ಬಂದನಲ್ಲ, ಅವಗ ಹೆಂಗ ಗೊತ್ತಾಗಬೇಕಲೇ?”

ಆ ವ್ಯಾಜ್ಯವನ್ನು ಬೇರೆಯವರಿಗೆ ಕೊಡಿಸಿದರು. ಬೈದ ಬಾಯಿಂದಲೇ ಊಟಕ್ಕೆ ಕರೆದು, ರೊಟ್ಟಿಯ ಮೇಲೆ ಎರಡೆರಡು ಸಲ ಬೆಣ್ಣೆ ಹಾಕಿಸಿದರು. ಪಟ್ಟಿಯ ಮಾತು ಮಾತ್ರ ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಮರುವರ್ಷ ಜಗಳ ಶಿರಸ್ತೇದಾರರ ಮನೆಯೊಳಗೇ ಹುಟ್ಟಿತು. ಅವರ ಮನೆಗೂ ತಮ್ಮನ ಮನೆಗೂ ನಡುವೆ ಹಿತ್ತಲ ಬಾವಿಗೆ ಹೋಗುವ ಸಂದಿಯೊಂದಿತ್ತು. ಅಪ್ಪ ಅದನ್ನು ಬಾಯಿಮಾತಿನಲ್ಲಿ ತನಗೇ ಕೊಟ್ಟಿದ್ದನೆಂದು ಅಣ್ಣ, ಇಬ್ಬರದೂ ಎಂದು ತಮ್ಮ. ಮಧ್ಯಸ್ಥನಾಗಿ ನನ್ನ ಹೆಸರು ಹೇಳಿದವನು ತಮ್ಮ! ನಾನು ಅಣ್ಣನ ಶಿಷ್ಯ, ಬೇಡ ಎಂದರೆ, “ನಮ್ಮಣ್ಣನ ಕೈಲೆ ಇಷ್ಟು ಬೈಸಿಕೊಂಡಾವ ಅವನ ಪರ ಹೆಂಗ ಹೇಳ್ತಾನ ಬಿಡ್ರಿ” ಎಂದು ನಕ್ಕ. ಕಕ್ಷಿಗಾರರೇ ಬರೆದುಕೊಟ್ಟರೆ ಪಟ್ಟಿಯಲ್ಲಿ ಹೆಸರಿಲ್ಲದವನೂ ಕೂರಬಹುದಿತ್ತು; ಇಬ್ಬರೂ ಒಪ್ಪಿಗೆ ಬರೆದುಕೊಟ್ಟರು.

ಸಂದಿಯ ಕಲ್ಲು ಎರಡೂ ಹೊಸ್ತಿಲ ಕಡೆಗೆ ಸವೆದಿತ್ತು. ಶಿರಸ್ತೇದಾರರ ಹೆಂಡತಿಯನ್ನು ಕೇಳಿದೆ. ಆಯಮ್ಮ ಬಾಗಿಲ ಮರೆಯಿಂದ, “ನಾ ಈ ಮನಿಗೆ ಬಂದಾಗಿಂದ ಇಬ್ರೂ ವಾರಗಿತ್ತೇರು ಇದರಾಗ ಹಾದೇ ನೀರು ತಂದೀವಿ. ಇವರು ಎಂದರ ಕೊಡ ಹೊತ್ತಾರೇನು, ಇವರಿಗೇನು ಗೊತ್ತು?” ಎಂದರು. ಶಿರಸ್ತೇದಾರರು ಮೀಸೆಯೊಳಗೇ ನಕ್ಕಂತೆ ಕಂಡಿತು.

ಕೋರ್ಟಿನ ಬೇಸಿಗೆ ರಜೆಗೆ ಎರಡು ದಿನ ಇರುವಾಗ ತೀರ್ಪು ಓದಿದೆ. ಸಂದಿ ಇಬ್ಬರದೂ ಎಂದು ಬರೆದಿದ್ದೆ. ಶಿರಸ್ತೇದಾರರು ಕಾಗದ ಇಸಿದುಕೊಂಡು ಮತ್ತೆ ಮತ್ತೆ ಓದಿದರು.

“ಸಂದಿಗೆ ಯಾರೂ ಬಾಗಲ ಹಾಕಬಾರದು ಅಂತ ಬರದೇ ಇಲ್ಲಲ್ಲೋ. ನಾಳಿ ನಾನೇ ಬಾಗಲ ಹಾಕಿ ಬೀಗ ಜಡದೆನಂದ್ರ ಇವ ಏನು ಮಾಡ್ತಾನ? ಬರಿ.”

ಬರೆದೆ. ಅವರು ಸಹಿ ಮಾಡಿ, ನನ್ನ ಕಡೆ ನೋಡದೆ ಒಳಗೆ ಹೋದರು. ನನಗೆ ಅನ್ನ ಹಾಕಿದ ಮನೆಯಲ್ಲೇ ಅವರನ್ನು ಸೋಲಿಸಿ ಬಂದೆನಲ್ಲ ಎಂದು ಬಸ್ಸಿನುದ್ದಕ್ಕೂ ಕಣ್ಣು ತುಂಬುತ್ತಿತ್ತು.

ಆ ರಜೆಯಲ್ಲೇ ಅವರು ತೀರಿಕೊಂಡರು. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣೂ ಆಗಿಹೋಗಿತ್ತು. ಕೋರ್ಟು ತೆರೆದ ದಿನ ಗುಮಾಸ್ತರು ಪಟ್ಟಿ ತೆಗೆದು ತೋರಿಸಿದರು. ಕೊನೆಯಲ್ಲಿ ನನ್ನ ಹೆಸರಿತ್ತು.

“ತೀರ್ಪಾದ ಮರುದಿನಾನ ಬಂದಿದ್ರು. ‘ನಂದು ತಪ್ಪು ಅಂತ ನನಗ ತಿಳಿಯೋಹಂಗ ಬರದಾನ, ಹೆಸರು ಹಾಕ್ರಿ’ ಅಂದ್ರು. ನಿಮಗ ತಾವೇ ಹೇಳಬೇಕಂತ ಸಂಜಿ ಬಸ್ಸಿನ ತನಕ ಆ ಕಟ್ಟಿ ಮ್ಯಾಲ ಕುಂತಿದ್ರು. ನೀವು ಸಿಗಲೇ ಇಲ್ಲ.”

ನಾನು ಆ ದಿನ ಕೋರ್ಟಿನಲ್ಲೇ ಇದ್ದೆ. ಕಟ್ಟೆಯ ಮೇಲೆ ಅವರ ರುಮಾಲು ಕಂಡು, ಮುಖ ತೋರಿಸಲಾರದೆ, ಹಿಂದಿನ ಗೇಟಿನಿಂದ ಮನೆಗೆ ಹೋಗಿಬಿಟ್ಟಿದ್ದೆ.