ಆ ಮುಂಜಾನೆ ಬಯಲು ಖಾಲಿ ಇತ್ತು

ಇಳಕಲ್ಲಿನ ನಮ್ಮ ನೇಕಾರರ ಓಣಿಯ ಹಿಂದೆ ಇವತ್ತು ಒಂದು ಚೆಂದದ ಹಾದಿ ಇದೆ. ನಡೆಯುವವರಿಗೂ ಸೈಕಲ್ಲಿನವರಿಗೂ ಸೇರಿಯೇ ಮಾಡಿದ್ದು. ಆ ಹಾದಿ ಅಲ್ಲಿಗೆ ಬಂದದ್ದು ಒಂದು ಸುಳ್ಳಿನಿಂದ. ಸುಳ್ಳು ಹೇಳಿದವನು ನಾನು. ಅದಕ್ಕಾಗಿ ಬೈಗುಳ ತಿಂದವಳು ನೀಲವ್ವ — ನಾನು ಅಕ್ಕಾ ಎಂದು ಕರೆಯುವವಳು.

ಇಷ್ಟನ್ನು ಮೊದಲೇ ಹೇಳಿಬಿಟ್ಟೆ. ನಾನು ಸೀರೆ ವ್ಯಾಪಾರದವನು. ಸೀರೆಯಲ್ಲಿ ಎಲ್ಲಾದರೂ ಕುಂದು ಇದ್ದರೆ ಅದು ಒಳಮಡಿಕೆಗೆ ಹೋಗುವ ಹಾಗೆ ಮಡಚುವುದು ನನ್ನ ಕೈಗೆ ಎಂದೋ ಒಗ್ಗಿಹೋಗಿದೆ. ಮಾತನ್ನೂ ಹಾಗೆಯೇ ಮಡಚಿಬಿಡುತ್ತೇನೆ ಎಂಬ ಭಯ — ಅದಕ್ಕೇ ಕುಂದನ್ನು ಮೇಲೆ ಇಟ್ಟುಕೊಂಡು ಕುಳಿತಿದ್ದೇನೆ.

ಆ ಬಯಲು ಎಂದರೆ ಏನೆಂದು ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಉದ್ದಕ್ಕೆ, ನೇರಕ್ಕೆ, ಗಿಡಗಂಟಿಯಿಲ್ಲದೆ ಬಿದ್ದಿದ್ದ ಸರ್ಕಾರಿ ಜಾಗ. ಸೀರೆಯ ಉದ್ದನೆಯ ಎಳೆಗಳನ್ನು ನಾವು ಹಾಸು ಎನ್ನುತ್ತೇವೆ. ಮಗ್ಗಕ್ಕೆ ಏರಿಸುವ ಮೊದಲು ಅದನ್ನು ಆ ತುದಿಯಿಂದ ಈ ತುದಿಗೆ ಬಿಗಿದು, ಗಂಜಿ ಹಚ್ಚಿ, ಬಿಸಿಲು ಏರುವುದರೊಳಗೆ ಕುಂಚದಿಂದ ತೀಡಿ ಒಣಗಿಸಬೇಕು. ಓಣಿಯ ಎಲ್ಲ ಮನೆಗಳ ಹಾಸೂ ಆ ಬಯಲಿಗೇ ಬರುತ್ತಿತ್ತು. ಹಾಸು ಬಿಗಿದಿದ್ದರೆ ಅದನ್ನು ಯಾರೂ ದಾಟುತ್ತಿರಲಿಲ್ಲ, ಎಷ್ಟೇ ಅವಸರವಿದ್ದರೂ ಸುತ್ತು ಹಾಕಿ ಹೋಗುತ್ತಿದ್ದರು. ಹಾದು ಹೋಗುವವರ ಕಣ್ಣಿಗೆ ಹರಿದ ಎಳೆ ಬಿದ್ದರೆ ನಿಂತು ಕಟ್ಟಿ ಮುಂದೆ ಸಾಗುತ್ತಿದ್ದರು — ಅದು ಯಾರ ಮನೆಯದೆಂದು ಕೇಳುತ್ತಿರಲಿಲ್ಲ.

ಅಲ್ಲಿ ಗಂಜಿಯ ಹದ ನೋಡುತ್ತಿದ್ದವಳು ನೀಲವ್ವ. ಬಾಯಿ ಜೋರು. ನಾನು ಸೈಕಲ್ಲಿನ ಕ್ಯಾರಿಯರ್‌ಗೆ ಸೀರೆ ಗಂಟು ಕಟ್ಟಿಕೊಂಡು ಗುಡೂರು, ಹುನಗುಂದ ಎಂದು ಊರೂರು ತಿರುಗುತ್ತಿದ್ದ ಕಾಲದಲ್ಲಿ ಆಕೆ ನನ್ನನ್ನು ಬಯಲಿನಲ್ಲೇ ನಿಲ್ಲಿಸಿ ನೂಲು ಮುಟ್ಟಿಸುತ್ತಿದ್ದಳು. “ಮಾರಾಕ ಹೊಂಟೀಯಲ್ಲ ತಮ್ಮಾ, ಏನ್ ಮಾರಾಕತ್ತೀನಿ ಅನ್ನೂದರ ಗೊತ್ತೈತೇನು ನಿನಗ? ಬರೇ ಬಾಯಿ ಮಾರತಿ!” ಎಂದು ಎಲ್ಲರೆದುರು ನಗುತ್ತಿದ್ದಳು. ಅಂಗಡಿ ಇಟ್ಟೆ, ಗೋದಾಮು ಕಟ್ಟಿಸಿದೆ, ಊರಿಗೆ ಸಾವ್ಕಾರನಾದೆ. ಆಕೆಗೆ ಮಾತ್ರ ತಮ್ಮನಾಗಿಯೇ ಉಳಿದೆ.

ಹಾದಿ ಬೇಕಾಗಿತ್ತು. ಅದರಲ್ಲಿ ಸುಳ್ಳಿಲ್ಲ. ಮುಖ್ಯ ರಸ್ತೆಯಲ್ಲಿ ಕಲ್ಲುಬಂಡೆ ಹೊತ್ತ ಲಾರಿಗಳು ಹೋಗುತ್ತವೆ. ಅದೇ ರಸ್ತೆಯ ಅಂಚಿನಲ್ಲಿ ಹುಡುಗಿಯರು ಸೈಕಲ್ ತುಳಿಯುತ್ತ ಶಾಲೆಗೆ ಹೋಗುವುದನ್ನು ನೋಡಿದರೆ ಹೆದರಿಕೆಯಾಗುತ್ತಿತ್ತು. ಹಾದಿಗಾಗಿ ಓಡಾಡಿದ ನಾಲ್ಕು ಜನರಲ್ಲಿ ನಾನೂ ಒಬ್ಬ. ಮುಂದಾಳು ಎಂದರೂ ನಡೆದೀತು. ಅರ್ಜಿ ಹೇಗಿರಬೇಕು, ಯಾರ ಹತ್ತಿರ ಯಾವ ಹೊತ್ತಿಗೆ ಹೋಗಬೇಕು — ಎಲ್ಲದಕ್ಕೂ ನನ್ನದೇ ಸಲಹೆ.

ಹಾದಿಗೆ ಎರಡು ಕಡೆ ಜಾಗವಿತ್ತು. ಒಂದು ಈ ಬಯಲು. ಇನ್ನೊಂದು ನನ್ನ ಗೋದಾಮಿನ ಹಿಂದಿನ ಪಟ್ಟಿ. ಅದೂ ಸರ್ಕಾರದ್ದೇ. ಆದರೆ ಅದರ ಮೇಲೆ ನನ್ನ ಕಾಂಪೌಂಡ್ ಗೋಡೆ ನಿಂತಿತ್ತು. ಅಳತೆಯವರು ಬಂದರೆ ಆ ಗೋಡೆ ಉಳಿಯುತ್ತಿರಲಿಲ್ಲ.

ಜಾಗ ನೋಡಲು ಎಂಜಿನಿಯರ್ ಸಾಹೇಬರು ನಾಳೆ ಬರುತ್ತಾರೆಂದು ತಿಳಿದ ಕೂಡಲೇ ನಾನು ನೀಲವ್ವನ ಮನೆಗೆ ಹೋದೆ. ಆಕೆ ಪಡಸಾಲೆಯಲ್ಲಿ ಕುಂಚ ತೊಳೆಯುತ್ತಿದ್ದಳು.

“ಅಕ್ಕಾ, ನಾಳೆ ಒಂದಿನ ಹಾಸು ಹಾಕೂದು ಬ್ಯಾಡಂತ ಎಲ್ಲಾರಿಗೂ ಹೇಳಿಬಿಡು. ಸಾಹೇಬ್ರು ಬಯಲು ನೋಡಾಕ ಬರ್ತಾರ. ಸ್ವಚ್ಛ ಕಂಡ್ರ ನಿಮ್ಮ ಕೆಲಸಕ್ಕ ಅಲ್ಲೇ ತಗಡಿನ ನೆರಳು ಹಾಕಿಸ್ತಾರ.”

ಆಕೆ ಕುಂಚ ಝಾಡಿಸಿ ನನ್ನ ಮುಖ ನೋಡಿದಳು. “ಖರೆ ಹೇಳ್ತೀಯೇನ್ಲೇ?”

“ನಿನ್ನ ಮುಂದ ಸುಳ್ಳ ಹೇಳ್ತೀನೇನಕ್ಕಾ?”

ಹೀಗೆ ಕೇಳಿದೆ. ಹೌದು, ಇದೇ ಮಾತು. ತಗಡಿನ ಸುದ್ದಿಯನ್ನು ನಾನು ಯಾರ ಬಾಯಿಂದಲೂ ಕೇಳಿರಲಿಲ್ಲ. ದಾರಿಯಲ್ಲಿ ಬರುತ್ತ ಹೊಳೆದದ್ದು — ಗಿರಾಕಿ ಕೊಳ್ಳದೆ ಏಳುವ ಹೊತ್ತಿಗೆ ಒಂದು ಮಾತು ಹೊಳೆಯುತ್ತದಲ್ಲ, ಹಾಗೆ.

ಆಕೆ ಸೆರಗು ಸರಿ ಮಾಡಿಕೊಂಡು ಆಗಲೇ ಹೊರಟಳು. ಮನೆಮನೆಗೂ ಹೋದಳು. ಕೆಲವರು ಗೊಣಗಿದರಂತೆ, ಮಗ್ಗ ಖಾಲಿ ಕೂರುತ್ತದೆ ಎಂದರಂತೆ. “ನಾ ಹೇಳಾಕತ್ತೀನಿ, ಒಂದಿನ ತಡೀರಿ. ನೆರಳಾಗತೈತಿ” ಎಂದಳಂತೆ. ನೀಲವ್ವ ಹೇಳಿದ್ದಾಳೆ ಎಂದರೆ ಓಣಿಯಲ್ಲಿ ಅದು ಮುಗಿದ ಮಾತು.

ಮರುದಿನ ಮುಂಜಾನೆ ಬಯಲಿನಲ್ಲಿ ಒಂದು ಎಳೆಯೂ ಇರಲಿಲ್ಲ. ಕಸ ಗುಡಿಸಿ, ನೀರು ಸಹ ಚಿಮುಕಿಸಿದ್ದರು. ಸಾಹೇಬರು ಆ ತುದಿಯವರೆಗೆ ನಡೆದು ತಿರುಗಿ ಬಂದು ಕೇಳಿದರು, ಇಲ್ಲಿ ಏನಾದರೂ ಕೆಲಸ ನಡೆಯುತ್ತದೆಯೇ ಎಂದು.

“ಹಿಂದಕ ಹಾಸು ಹಾಕತಿದ್ರು ಸಾಹೇಬ್ರ. ಈಗ ಯಾರೂ ಹಾಕೂದಿಲ್ರಿ. ಎಲ್ಲಾ ನಿಂತೈತಿ” ಎಂದೆ ನಾನು.

ಅವರು ಫೋಟೋ ತೆಗೆದುಕೊಂಡರು. ದೂರದಲ್ಲಿ ತನ್ನ ಬಾಗಿಲ ಮುಂದೆ ನಿಂತಿದ್ದ ನೀಲವ್ವ ನನ್ನತ್ತ ಕೈ ಎತ್ತಿದಳು, ಹೆಂಗೈತಿ ನೋಡು ನಮ್ಮ ಬಯಲು ಎನ್ನುವ ಹಾಗೆ. ನಾನೂ ಕೈ ಎತ್ತಿದೆ. ಆ ಎತ್ತಿದ ಕೈ —

ಕೆಲಸದ ಯಂತ್ರ ಬಂದು ನಿಂತಾಗ ಓಣಿಗೆ ವಿಷಯ ತಿಳಿಯಿತು. ಜನ ಕೇಳಲು ಹೋದರು. ಕಚೇರಿಯವರು ಖಾಲಿ ಬಯಲಿನ ಫೋಟೋ ತೋರಿಸಿ, ಬಳಕೆಯಲ್ಲಿ ಇಲ್ಲದ ಜಾಗ ಎಂದರು. ಅಲ್ಲಿಂದ ತಿರುಗಿ ಬಂದವರು ನನ್ನ ಅಂಗಡಿಗೆ ಬರಲಿಲ್ಲ. ನೀಲವ್ವನ ಬಾಗಿಲಿಗೆ ಹೋದರು. “ನಿನ್ನ ಮಾತು ಕೇಳಿ ನಾವು ಮಣ್ಣು ತಿಂದ್ವಿ. ನಿನಗ ಏನ್ ಸಿಕ್ಕಿತವ್ವಾ?” ಎಂದರು. ಮಂದಿಯ ಗುಂಪಿನ ಹಿಂದೆ ನಾನೂ ನಿಂತಿದ್ದೆ. ಈಗ ಹೇಳುತ್ತಾಳೆ, ಈಗ ನನ್ನ ಹೆಸರು ಬರುತ್ತದೆ ಎಂದು ಕಾಯುತ್ತಿದ್ದೆ. ಆಕೆ ಹೇಳಲಿಲ್ಲ. “ತಪ್ಪಾತು. ಒಳ್ಳೇದಾಗತೈತಿ ಅಂತ ನಂಬಿದ್ದೆ” ಎಂದಳು, ಅಷ್ಟೇ. ಆಮೇಲೆ ನನ್ನನ್ನು ಕಂಡಾಗ, ಆಕೆಯೇ ನನಗೆ ಸಮಾಧಾನ ಹೇಳಿದಳು: “ನಿನಗೂ ಮೋಸ ಮಾಡಿದ್ರಲ್ಲೋ ತಮ್ಮಾ, ಆ ಸಾಹೇಬ್ರು. ಇರ್ಲಿ, ನಿನ್ನ ಹೆಸರ್ಯಾಕ ಕೆಡಿಸ್ಲಿ? ದುಕಾನ ಇಟ್ಟಾವ ನೀ.”

ನಾನು ಹೂಂ ಎಂದೆ.

ಕೆಲವರು ಗಂಜಿ ಹಚ್ಚಿದ ಸಿದ್ಧ ನೂಲು ತರಿಸಿಕೊಳ್ಳತೊಡಗಿದರು. ಕೆಲವರು ಮಗ್ಗ ಬಿಚ್ಚಿದರು. ಒಂದು ಮನೆಯವರು ಊರನ್ನೇ ಬಿಟ್ಟರು. ಹೋಗುವ ದಿನ ಓಣಿಯಲ್ಲಿ ಎಲ್ಲರಿಗೂ ಹೇಳಿ, ನೀಲವ್ವನ ಬಾಗಿಲ ಮುಂದೆ ಮಾತ್ರ ಮುಖ ತಿರುಗಿಸಿ ಹೋದರು. ಕೆಲಸವಿಲ್ಲದ ಆಕೆಯನ್ನು ನಾನು ಅಂಗಡಿಯಲ್ಲಿ ಸೀರೆ ಮಡಚಲು ಇಟ್ಟುಕೊಂಡೆ. ದೊಡ್ಡ ಮನಸ್ಸು ಎಂದರು ಜನ. ಅದನ್ನೂ ಕೇಳಿಸಿಕೊಂಡೆ.

ವರ್ಷಗಳು ಹೀಗೇ ಸರಿದವು. ನನಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ನಡೆಯಿರಿ ಎಂದರು, ಆ ಹಾದಿಯಲ್ಲೇ ನಡೆದೆ. ಹುಡುಗಿಯರು ಗಂಟೆ ಬಾರಿಸುತ್ತ ಪಕ್ಕದಲ್ಲಿ ಹಾದುಹೋಗುವಾಗ ಖುಷಿಯೂ ಆಗುತ್ತಿತ್ತು. ಹಾದಿ ಒಳ್ಳೆಯದಲ್ಲವೇ, ಎಲ್ಲರದೂ ಅಲ್ಲವೇ ಎಂದು ನನಗೆ ನಾನೇ ಮಾರಿಕೊಳ್ಳುತ್ತಿದ್ದೆ. ಹುಡುಗಿಯರು ಗೋದಾಮಿನ ಹಿಂದೆಯೂ ಹಾಗೆಯೇ ಗಂಟೆ ಬಾರಿಸಿಕೊಂಡು ಹೋಗಬಹುದಿತ್ತು. ಆ ಲೆಕ್ಕವನ್ನು ಮಾತ್ರ ಹಾಕುತ್ತಿರಲಿಲ್ಲ.

ಈಚೆಗೆ ಹುನಗುಂದದಿಂದ ಮೂವರು ಅಂಗಡಿಗೆ ಬಂದರು. ತಮ್ಮಲ್ಲೂ ಇಂಥದೇ ಹಾದಿ ಮಾಡಬೇಕಂತೆ. “ಜಗಳ ಇಲ್ದಂಗ ಜಾಗಾ ಹೆಂಗ್ ಬಿಡಿಸಿದ್ರಿ ಸಾವ್ಕಾರ್ರ? ನಮಗೂ ಅಷ್ಟು ಹೇಳ್ರಿ” ಎಂದರು. ಸಲಹೆ ಕೇಳಿದರೆ ನನಗೆ ಬಾಯಿ ತಡೆಯದು. ಚಹಾ ತರಿಸಿ ಶುರುಮಾಡಿಯೇಬಿಟ್ಟೆ. ಗಾದಿಯ ಮೂಲೆಯಲ್ಲಿ ಸೀರೆ ಮಡಚುತ್ತಿದ್ದ ನೀಲವ್ವ ನಕ್ಕಳು: “ಇವನ ಬುದ್ಧಿ ಏನ್ ಕೇಳ್ತೀರಿ, ಇವ ಭಾಳ ಸಾದಾ ಮನಶ್ಯಾ. ಮೋಸ ಆಗಿದ್ದು ನನ್ನಿಂದ. ಅವತ್ತು ನಾ ಮಂದೀನ ತಡೀಲಿಲ್ಲ ಅಂದಿದ್ರ ಬಯಲು ಉಳೀತಿತ್ತು.”

ಇಷ್ಟು ವರ್ಷವೂ ಆಕೆ ತಾನೇ ತಪ್ಪಿತಸ್ಥೆ ಎಂದು ತಿಳಿದು ಬದುಕಿದ್ದಾಳೆ. ಅಂದು ಬಾಗಿಲಲ್ಲಿ ತಪ್ಪಾತು ಎಂದದ್ದು ನನ್ನನ್ನು ಉಳಿಸಲು ಆಡಿದ ಮಾತು ಎಂದುಕೊಂಡಿದ್ದೆ ನಾನು. ಅಲ್ಲ, ನಂಬಿಯೇ ಆಡಿದ್ದಳು.

ಆ ಮೂವರನ್ನು ಕಳಿಸಿ, ಆಕೆಯ ಎದುರು ಕುಳಿತು ಎಲ್ಲ ಹೇಳಿದೆ. ತಗಡು, ಗೋಡೆ, ಸಾಹೇಬರಿಗೆ ಹೇಳಿದ ಮಾತು. ಆಕೆಯ ಕೈ ನಿಲ್ಲಲಿಲ್ಲ. ಆ ಸೀರೆ ಮಡಚಿ ಮುಗಿಸಿದಳು. ಆಮೇಲೆ ಕೇಳಿದಳು: “ಅವತ್ತು ನಾ ಹೋದ ಮನಿ ನಿನಗ ಗೊತ್ತಾವೋ ಇಲ್ಲೋ?”

“ಗೊತ್ತಾವು.”

“ನನ್ನ ಮುಂದ ಹೇಳಿದ್ರ ಏನ್ ಬಂತು? ಅಷ್ಟೂ ಮನಿಗೆ ಹೋಗಿ ಹೇಳು.”

ಆಗಲೂ ನನ್ನ ಗುಣ ಬಿಡಲಿಲ್ಲ, ನಾಚಿಕೆಯಾಗುತ್ತದೆ. “ಓಣಿಯ ಹಿರೇರು ಇಬ್ಬರಿಗೆ ಹೇಳಿದ್ರ ನಡೀತೈತೇನಕ್ಕಾ?” ಎಂದೆ. ಆಕೆ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದಳು.

ಮನೆಮನೆಗೆ ಹೋದೆ. ಒಬ್ಬರು ಬಾಗಿಲು ಹಾಕಿಕೊಂಡರು. ಒಬ್ಬ ಮುದುಕರು ಕುಳಿತುಕೊಳ್ಳಿ ಎಂದು ನೀರು ಕೊಟ್ಟು, “ಆಕೀಗೆ ನಾವು ಏನೇನ್ ಅಂದ್ವಿ...” ಎಂದು ಅತ್ತರು. ಬೈಸಿಕೊಳ್ಳುವುದು ಸುಲಭವಿತ್ತು, ಆ ಅಳು ನೋಡಲಾಗಲಿಲ್ಲ. ಗೋದಾಮಿನ ಹಿಂದಿನ ಕಾಂಪೌಂಡ್ ಗೋಡೆ ಒಡೆಸಿ ಜಾಗ ಬಿಟ್ಟುಕೊಟ್ಟೆ. ಅಲ್ಲಿ ಹಾಸು ಹಾಕಲು ಇನ್ನೂ ಯಾರೂ ಬಂದಿಲ್ಲ. ಬರಬೇಕೆಂದು ಕೇಳುವ ಮುಖ ನನಗಿಲ್ಲ.

ಹುನಗುಂದದವರಿಗೆ ಆವತ್ತು ಅರ್ಧಕ್ಕೆ ನಿಲ್ಲಿಸಿದ ಸಲಹೆಯನ್ನು ಇಲ್ಲಿ ಮುಗಿಸುತ್ತೇನೆ. ಹಾದಿ ಮಾಡಿರಿ, ಅವಶ್ಯ ಮಾಡಿರಿ. ಆದರೆ ಜಾಗ ನೋಡಲು ಹೋಗುವಾಗ ಯಾರಿಗೂ ಹೇಳದೆ ಹೋಗಿರಿ, ಕೆಲಸದ ಹೊತ್ತಿಗೇ ಹೋಗಿರಿ. ಜಾಗ ಖಾಲಿ ಕಂಡರೆ ಯಾಕೆ ಖಾಲಿ ಇದೆ ಎಂದು ಎದುರು ಮನೆಯವರನ್ನು ಕೇಳಿರಿ. ಜೊತೆಗೆ ಬಂದ ನನ್ನಂಥ ಮುಂದಾಳನ್ನಲ್ಲ.

ನೀಲವ್ವ ಅಂಗಡಿಗೆ ಬರುವುದನ್ನು ಬಿಟ್ಟಿಲ್ಲ. “ಸಾವ್ಕಾರ್ರ, ಕಪಾಟಿನ ಕೀಲಿ ಕೊಡ್ರಿ” ಎನ್ನುತ್ತಾಳೆ. ಆ ದಿನದಿಂದ ತಮ್ಮಾ ಎಂದು ಕರೆದಿಲ್ಲ. ಕರೆ ಎಂದು ನಾನೂ ಕೇಳಿಲ್ಲ.

ಉಳಿದದ್ದು ಒಂದೇ ಮನೆ, ಊರು ಬಿಟ್ಟು ಹೋದವರದು. ಎಲ್ಲಿದ್ದಾರೆಂದು ಬಾಗಲಕೋಟೆಯ ತನಕ ಹೋಗಿ ಕೇಳಿದೆ, ತಿಳಿಯಲಿಲ್ಲ. ಅದಕ್ಕೇ ಇದನ್ನು ಬರೆದಿದ್ದೇನೆ. ನೀವು ಓದುತ್ತಿದ್ದರೆ — ಆ ದಿನ ನಿಮ್ಮ ಮನೆಗೆ ಬಂದು ಹಾಸು ಹಾಕಬೇಡಿ ಎಂದ ನೀಲವ್ವ ನಿಮಗೆ ಮೋಸ ಮಾಡಲಿಲ್ಲ. ಆಕೆಯನ್ನು ಕಳಿಸಿದವನು ನಾನು. ಊರಿಗೆ ಎಂದಾದರೂ ಬಂದರೆ ನನ್ನ ಅಂಗಡಿ ಮೆಟ್ಟಿಲು ಹತ್ತಬೇಡಿ, ಪರವಾಗಿಲ್ಲ. ಆಕೆಯ ಬಾಗಿಲ ಮುಂದೆ ಮುಖ ತಿರುಗಿಸಿ ಹೋಗಬೇಡಿ.